ಸ್ಪೀಡೋಮೀಟರ್ ಸದ್ದು ಮಾಡಿದರೆ ಮೊದಲು ಕೇಬಲ್ ನೋಡಿ

ಹಳೆಯ ಕಾರುಗಳ ಮೀಟರ್ ರಿಪೇರಿಯನ್ನೇ ವೃತ್ತಿಯಾಗಿಸಿಕೊಂಡಿರುವ ನನ್ನ ಬಳಿಗೆ ಪದೇ ಪದೇ ಬರುವ ದೂರು ಒಂದೇ: ಗಾಡಿ ವೇಗ ಹಿಡಿಯುತ್ತಿದ್ದಂತೆ ಡ್ಯಾಶ್‌ಬೋರ್ಡಿನ ಹಿಂದಿನಿಂದ ಕೀರಲು ಸದ್ದು ಏಳುತ್ತದೆ, ಕೆಲವೊಮ್ಮೆ ಮೀಟರಿನ ಮುಳ್ಳೂ ನಡುಗುತ್ತದೆ. ಸದ್ದು ಕೇಳಿಸುವ ಜಾಗದಲ್ಲೇ ದೋಷವೂ ಇದೆಯೆಂದು ನಂಬಿ, ಮೀಟರನ್ನು ಬಿಚ್ಚಿ ಅದರೊಳಗೆ ಧಾರಾಳವಾಗಿ ಎಣ್ಣೆ ಬಿಟ್ಟ ಮೇಲೆ ನನ್ನಲ್ಲಿಗೆ ತರುವವರು ಬಹಳ. ಹಾಗೆ ತಂದ ಮೀಟರನ್ನು ಸರಿಪಡಿಸುವುದು, ಮೊದಲಿದ್ದ ಸದ್ದನ್ನು ಸರಿಪಡಿಸುವುದಕ್ಕಿಂತ ಎಷ್ಟೋ ಪಾಲು ಕಷ್ಟ.

ಕಾರಣ ಮೀಟರಿನ ರಚನೆಯಲ್ಲಿಯೇ ಇದೆ. ಗೇರ್‌ಬಾಕ್ಸಿನಲ್ಲಿರುವ ಒಂದು ಸಣ್ಣ ಹಲ್ಲುಚಕ್ರವು ಕೇಬಲ್ಲಿನ ಒಳತಂತಿಯನ್ನು ತಿರುಗಿಸುತ್ತದೆ. ಅನೇಕ ಹಳೆಯ ಕಾರುಗಳಲ್ಲಿ ಗಾಡಿ ಒಂದು ಮೈಲಿ ಸಾಗುವಷ್ಟರಲ್ಲಿ ಈ ತಂತಿ ಸುಮಾರು 1000 ಸುತ್ತು ತಿರುಗುತ್ತದೆ. ತಂತಿಯ ಮೇಲ್ತುದಿ ಮೀಟರಿನೊಳಗಿನ ಅಯಸ್ಕಾಂತವನ್ನು ತಿರುಗಿಸಿದಾಗ, ಅದಕ್ಕೆ ತಾಗದಂತೆ ಕೂರಿಸಿರುವ ತೆಳುವಾದ ಅಲ್ಯೂಮಿನಿಯಂ ಬಟ್ಟಲಿನಲ್ಲಿ ವಿದ್ಯುತ್ ಸುಳಿಗಳು ಹುಟ್ಟಿ ಬಟ್ಟಲನ್ನು ಎಳೆಯುತ್ತವೆ, ಕೂದಲಿನಷ್ಟು ತೆಳುವಾದ ಸ್ಪ್ರಿಂಗ್ ಆ ಎಳೆತವನ್ನು ತಡೆಹಿಡಿಯುತ್ತದೆ, ಇವೆರಡೂ ಸಮನಾದಲ್ಲಿ ಮುಳ್ಳು ನಿಲ್ಲುತ್ತದೆ. ಅಯಸ್ಕಾಂತಕ್ಕೂ ಬಟ್ಟಲಿಗೂ ನಡುವೆ ಇರಬೇಕಾದದ್ದು ಗಾಳಿ ಮಾತ್ರ. ಅಲ್ಲಿಗೆ ಎಣ್ಣೆ ಸೇರಿದರೆ ಬಟ್ಟಲು ಅಂಟಿನಿಂದಲೂ ಎಳೆಯಲ್ಪಟ್ಟು, ಮುಳ್ಳು ನಿಜವಾದ ವೇಗಕ್ಕಿಂತ ಹೆಚ್ಚನ್ನು ತೋರಿಸತೊಡಗುತ್ತದೆ.

ಆದುದರಿಂದ ನಾನು ಏನನ್ನೂ ಬಿಚ್ಚುವ ಮೊದಲು ಸದ್ದಿನ ಮೂಲವನ್ನು ಹುಡುಕುತ್ತೇನೆ. ಎಂಜಿನ್ನಿನ ವೇಗ ಬದಲಾದರೂ ಬದಲಾಗದೆ, ಗಾಡಿಯ ವೇಗದೊಂದಿಗೆ ಮಾತ್ರ ಏರಿಳಿಯುವ ಸದ್ದಾದರೆ ಸಂಶಯ ಕೇಬಲ್ ಮತ್ತು ಮೀಟರಿನ ಕಡೆಗೆ ತಿರುಗುತ್ತದೆ. ಬಳಿಕ ಕೇಬಲ್ಲನ್ನು ಮೀಟರಿನ ಹಿಂಬದಿಯಲ್ಲಿ ಕಳಚಿ, ತುದಿಯು ಯಾವ ವೈರಿಗೂ ತಾಗದಂತೆ ಕಟ್ಟಿ, ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ ನೋಡಬೇಕು. ಸದ್ದು ಹಾಗೆಯೇ ಉಳಿದರೆ ದೋಷ ಕೇಬಲ್ಲಿನದು ಅಥವಾ ಅದರ ಗೇರ್‌ಬಾಕ್ಸ್ ತುದಿಯದು, ನಿಂತುಹೋದರೆ ಮೀಟರಿನದಿರಬಹುದು. ‘ಇರಬಹುದು’ ಎಂದೇ ಹೇಳುತ್ತೇನೆ, ಏಕೆಂದರೆ ಮೀಟರಿನ ಹೊರೆ ಇಲ್ಲದಾಗ ಒಣಗಿದ ಕೇಬಲ್ಲೂ ಒಮ್ಮೊಮ್ಮೆ ಸುಮ್ಮನಾಗುತ್ತದೆ. ಹೀಗಾಗಿ ಎರಡೂ ಸಂದರ್ಭಗಳಲ್ಲಿ ಒಳತಂತಿಯನ್ನು ಹೊರಗೆಳೆದು ನೋಡದೆ ನಾನು ಮೀಟರಿಗೆ ಕೈ ಹಾಕುವುದಿಲ್ಲ.

ಹೊರಗೆಳೆದ ತಂತಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಸಪಾಟಾದ ಮೇಜಿನ ಮೇಲೆ ಉದ್ದಕ್ಕೆ ಚಾಚಿ, ಅಂಗೈಯಡಿಯಲ್ಲಿ ಮೆಲ್ಲಗೆ ಉರುಳಿಸಬೇಕು. ನೆಟ್ಟಗಿರುವ ತಂತಿ ಒಂದೇ ಸಮನೆ ಉರುಳುತ್ತದೆ. ಎಲ್ಲಾದರೂ ಮಡಿಕೆ ಬಿದ್ದಿದ್ದರೆ, ಕಣ್ಣಿಗೆ ಕಾಣದಷ್ಟು ಸಣ್ಣ ಮಡಿಕೆಯಾದರೂ, ಸುತ್ತಿಗೊಮ್ಮೆ ಆ ಜಾಗ ಮೇಜಿನಿಂದ ಎದ್ದು ಬಿದ್ದು ಅಂಗೈಗೆ ತಿಳಿಯುತ್ತದೆ. ಮುಳ್ಳು ನಡುಗುವುದು ಹೆಚ್ಚಾಗಿ ಇದರಿಂದಲೇ: ತಂತಿ ಹೊರಕವಚದೊಳಗೆ ಒಂದು ಕ್ಷಣ ಸಿಕ್ಕಿಕೊಂಡು, ತಿರುಚಿಕೊಂಡು, ಥಟ್ಟನೆ ಬಿಡಿಸಿಕೊಳ್ಳುತ್ತದೆ. ಮಡಿಕೆ ಬಿದ್ದ ತಂತಿಯನ್ನು ನೆಟ್ಟಗೆ ಮಾಡಲು ಹೋಗದೆ ಬದಲಿಸುವುದೇ ಸರಿ. ತಂತಿ ಚೆನ್ನಾಗಿದ್ದರೆ ತೆಳುವಾಗಿ ಗ್ರಾಫೈಟ್ ಗ್ರೀಸ್ ಸವರಿದರೆ ಸಾಕು, ಆದರೆ ಮೀಟರಿನ ಕಡೆಯ ಸುಮಾರು 15 ಸೆಂಟಿಮೀಟರನ್ನು ಒಣದಾಗಿಯೇ ಬಿಡಬೇಕು. ಸುರುಳಿ ಸುತ್ತಿದ ತಂತಿಯು ತಿರುಗುವಾಗ ತಿರುಪಿನಂತೆ ಗ್ರೀಸನ್ನು ಮೇಲಕ್ಕೆ ಏರಿಸುತ್ತದೆ. ಮತ್ತೆ ಜೋಡಿಸುವಾಗ ಕೇಬಲ್ ಎಲ್ಲಿಯೂ ಚೂಪಾಗಿ ಬಾಗದಂತೆ, ಬಾಗಿನ ತ್ರಿಜ್ಯ 15 ಸೆಂಟಿಮೀಟರಿಗಿಂತ ಕಡಿಮೆಯಾಗದಂತೆ ನೋಡಿಕೊಳ್ಳಬೇಕು. ಬೇರೆ ಯಾವುದೋ ಕೆಲಸಕ್ಕೆ ಡ್ಯಾಶ್‌ಬೋರ್ಡ್ ಬಿಚ್ಚಿ ಕೂರಿಸಿದ ಮೇಲೆ ಶುರುವಾಗುವ ಸದ್ದುಗಳಿಗೆ ಹಲವು ಬಾರಿ ಈ ಬಾಗೇ ಕಾರಣವಾಗಿರುತ್ತದೆ.

ಇಷ್ಟಾದ ಮೇಲೂ ಸದ್ದು ಬಂದರೆ ಮಾತ್ರ ಮೀಟರಿನ ಸರದಿ. ಅಯಸ್ಕಾಂತದ ದಂಡ ತಿರುಗುವ ಬುಷ್ (ದಂಡವನ್ನು ಹಿಡಿದಿರುವ ಸಣ್ಣ ಲೋಹದ ಕೊಳವೆ) ಒಣಗಿದ್ದರೆ ಸೂಜಿಯ ಮೊನೆಯಿಂದ ತೆಳುವಾದ ಎಣ್ಣೆಯ ಒಂದೇ ಹನಿ ಅಲ್ಲಿಗೆ ಮಾತ್ರ ಇಡಬೇಕು; ಸ್ಪ್ರೇ ಡಬ್ಬಿಯನ್ನು ಮೀಟರಿನ ಹತ್ತಿರಕ್ಕೂ ತರಬಾರದು. ಲೋಹಕ್ಕೆ ಲೋಹ ಉಜ್ಜುವ ಸದ್ದಾದರೆ ಬುಷ್ ಸವೆದು ಅಯಸ್ಕಾಂತ ಬಟ್ಟಲಿಗೆ ತಾಗುತ್ತಿದೆಯೆಂದು ತಿಳಿದು, ರಿಪೇರಿಯಾಗುವವರೆಗೆ ಕೇಬಲ್ಲನ್ನು ಕಳಚಿಡಬೇಕು, ಇಲ್ಲದಿದ್ದರೆ ಬಟ್ಟಲು ಸಿಕ್ಕಿಕೊಂಡು ಮುಳ್ಳು ಕೊನೆಯವರೆಗೂ ಎಳೆಯಲ್ಪಟ್ಟು ಸ್ಪ್ರಿಂಗೇ ಹಾಳಾಗುತ್ತದೆ. ಕಳಚಿಟ್ಟ ಅವಧಿಯಲ್ಲಿ ಕಿಲೋಮೀಟರಿನ ಲೆಕ್ಕವೂ ಏರುವುದಿಲ್ಲವಾದ್ದರಿಂದ, ಓಡಿದ ದೂರವನ್ನು ಸರ್ವಿಸ್ ಪುಸ್ತಕದಲ್ಲಿ ಬರೆದಿಡಲು ಗ್ರಾಹಕರಿಗೆ ಹೇಳುತ್ತೇನೆ.

ಕೇಬಲ್ಲಿನ ಕೆಳತುದಿಯನ್ನೂ ಒಮ್ಮೆ ಮುಟ್ಟಿ ನೋಡಬೇಕು. ಅದು ಗೇರ್ ಆಯಿಲಿನಲ್ಲಿ ತೊಯ್ದಿದ್ದರೆ ಗೇರ್‌ಬಾಕ್ಸಿನ ಬಳಿಯ ಸಣ್ಣ ಸೀಲ್ ಸೋರುತ್ತಿದೆ ಎಂದರ್ಥ. ಅದನ್ನು ಬದಲಿಸದೆ ಹೊಸ ಕೇಬಲ್ ಹಾಕಿದರೆ, ಆಯಿಲ್ ಅದೇ ತಂತಿಯನ್ನು ಹಿಡಿದು ಮೀಟರಿನವರೆಗೂ ಏರುತ್ತದೆ.