ಆ 50 ಹರ್ಟ್ಜ್ ಯಾರದು?

ಜಾಝ್ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್ ಬಿಳಿ ನಾಲ್ಕರಲ್ಲಿ ನುಡಿಸಿದ್ದನ್ನು ನಾನು ಹೆಚ್ಚುಕಡಿಮೆ ಕಪ್ಪು ಮೂರಕ್ಕೆ ಏರಿಸಿ ಗಿರಾಕಿಗೆ ಕಳಿಸಿದೆ. ಹಾರ್ಮೋನಿಯಂ ಮುಟ್ಟಿದವರಿಗೆ ಇಷ್ಟರಲ್ಲೇ ತಪ್ಪು ಗೊತ್ತಾಗಿರುತ್ತದೆ. ನನಗೆ ಎರಡು ವಾರ ಬೇಕಾಯಿತು.

ಕೆಲಸ ಹಳೇ ಡಿಸ್ಕ್ ಟ್ರಾನ್ಸ್‌ಫರ್, ಅಂದರೆ ಡಿಸ್ಕಿನ ಸದ್ದನ್ನು ಕಂಪ್ಯೂಟರ್ ಫೈಲ್ ಮಾಡುವುದು. ಬಂದಿದ್ದು ಒಂದು ಖಾಸಗಿ ಸಂಗ್ರಹದ ಲ್ಯಾಕರ್‌ಗಳು, ಎಲ್ಲಾ ಹನ್ನೆರಡು ಇಂಚು, ಲಕೋಟೆ ಮೇಲೆ ಪೆನ್ಸಿಲ್‌ನಲ್ಲಿ ‘ಪ್ಲೆಯೆಲ್ 49’. 1949ರ ಮೇ 8ರಿಂದ 15ರವರೆಗೆ ಪ್ಯಾರಿಸ್ಸಿನ ಸಾಲ್ ಪ್ಲೆಯೆಲ್‌ನಲ್ಲಿ ನಡೆದ ಜಾಝ್ ಉತ್ಸವ ಅದು. ಪಾರ್ಕರ್ ಜೊತೆ ಕೆನ್ನಿ ಡೋರಮ್, ಆಲ್ ಹೇಗ್, ಟಾಮಿ ಪಾಟರ್, ಮ್ಯಾಕ್ಸ್ ರೋಚ್. ಇನ್ನೊಂದು ತಂಡದಲ್ಲಿ ಟ್ಯಾಡ್ ಡ್ಯಾಮರನ್ ಮತ್ತು ಇನ್ನೂ ಇಪ್ಪತ್ತಮೂರು ತುಂಬದ ಮೈಲ್ಸ್ ಡೇವಿಸ್. ಈ ಎರಡನೇ ತಂಡದ ಕಛೇರಿ ಕೊಲಂಬಿಯಾದಿಂದ ಎಲ್‌ಪಿಯಾಗಿ ಹೊರಬಂದಿದ್ದೇ 1977ರಲ್ಲಿ. ಹಾಗಾಗಿ ಪ್ಲೆಯೆಲ್ ಅಂತ ಬರೆದ ಪೆಟ್ಟಿಗೆ ಬಂದರೆ ಯಾರಿಗಾದರೂ ಕೈ ತುರಿಸುತ್ತದೆ.

ಲ್ಯಾಕರ್ ಅಂದರೆ ಅಲ್ಯೂಮಿನಿಯಂ ತಗಡಿನ ಮೇಲೆ ನೈಟ್ರೊಸೆಲ್ಯುಲೋಸ್ ಲೇಪ. ವಯಸ್ಸಾದಂತೆ ಲೇಪ ಕುಗ್ಗುತ್ತದೆ, ತಗಡು ಕುಗ್ಗುವುದಿಲ್ಲ. ಕೊನೆಗೆ ಒಣಗಿದ ಕೆರೆಯಂಗಳದ ಹಾಗೆ ಬಿರುಕು ಬಿಟ್ಟು ಏಳುತ್ತದೆ. ಮೇಲೆ ಕೂತಿರುವ ಬಿಳೀ ಜಿಡ್ಡನ್ನು ಬೂಷ್ಟು ಅಂದುಕೊಳ್ಳಬೇಡಿ. ಲೇಪದೊಳಗಿನ ಹರಳೆಣ್ಣೆ ಒಡೆದು ಹೊರಬಂದ ಕೊಬ್ಬಿನಾಮ್ಲ ಅದು. ಆಲ್ಕೋಹಾಲ್ ಹಾಕಲೇಬಾರದು. ಬಿರುಕು ಬಿಟ್ಟ ಡಿಸ್ಕಿಗೆ ನೀರೂ ಬೇಡ, ಬಿರುಕಿನಲ್ಲಿ ಇಳಿದರೆ ಲೇಪ ಎದ್ದು ಬರುತ್ತದೆ. ಎಲ್‌ಪಿಯ 1 ಮಿಲ್ (ಇಂಚಿನ ಸಾವಿರದಲ್ಲೊಂದು ಭಾಗ) ಮುಳ್ಳು ಈ ಗೆರೆಗಳ ತಳದಲ್ಲಿ ಉರುಳಾಡುತ್ತದೆ. 2.5ರಿಂದ 3 ಮಿಲ್‌ನ, ತುದಿ ಕತ್ತರಿಸಿದ ಮುಳ್ಳುಗಳನ್ನು ಒಂದೊಂದಾಗಿ ಹಾಕಿ ನೋಡಿ, ಸದ್ದು ಕಡಿಮೆ ಇರುವುದನ್ನು ಆರಿಸಬೇಕು. ಯಾವ ಈಕ್ವಲೈಸೇಶನ್ನೂ (ಏರು-ಇಳಿ ಸ್ವರಗಳ ಮಟ್ಟ ತಿದ್ದುವುದು) ಇಲ್ಲದೆ, 96 ಕಿಲೋಹರ್ಟ್ಜ್, 24 ಬಿಟ್‌ನಲ್ಲಿ ಫ್ಲ್ಯಾಟ್ ಟ್ರಾನ್ಸ್‌ಫರ್. ಇಷ್ಟನ್ನೂ ಸರಿಯಾಗಿಯೇ ಮಾಡಿದ್ದೆ.

ಎಡವಿದ್ದು ವೇಗದಲ್ಲಿ. ಲೇಬಲ್ ಮೇಲೆ ನಿಮಿಷಕ್ಕೆ 78 ಸುತ್ತು ಅಂತ ಇದ್ದರೆ ಅದು ಆಸೆ ಮಾತ್ರ. ಕೊರೆಯುವ ಮುಳ್ಳು ಲೇಪವನ್ನು ಉಳುತ್ತಾ ಹೋಗುವಾಗ ಮೋಟಾರು ಬಳಲುತ್ತದೆ, ಹೊರ ಅಂಚಿನಲ್ಲಿ ಇನ್ನೂ ಜಾಸ್ತಿ. ನಮ್ಮ ಟರ್ನ್‌ಟೇಬಲ್ 50 ಹರ್ಟ್ಜ್ ದೀಪದಡಿ, 77 ಗೆರೆಯ ಸ್ಟ್ರೋಬ್ ಚೀಟಿಯಲ್ಲಿ (ವೇಗ ಸರಿಯಿದ್ದರೆ ಗೆರೆಗಳು ನಿಂತಂತೆ ಕಾಣುತ್ತವೆ) ನಿಖರವಾಗಿ 77.92ಕ್ಕೆ ನಿಂತಿತ್ತು. ಆದರೆ ಅದು ನಮ್ಮ ವೇಗ. ಕೊರೆದವರ ವೇಗಕ್ಕೆ ಸಾಕ್ಷಿ ಅಂದರೆ ರೆಕಾರ್ಡಿನೊಳಗೇ ಸೇರಿಹೋದ ಕರೆಂಟಿನ ಗುಂಯ್‌ಗುಡುವಿಕೆ, ಹಮ್. ಫ್ರಾನ್ಸಿನದು 50 ಹರ್ಟ್ಜ್. ಯಾವ ಹರ್ಟ್ಜ್‌ನಲ್ಲಿ ಎಷ್ಟು ಸದ್ದು ಅಂತ ತೋರಿಸುವ ನಕ್ಷೆ, ಸ್ಪೆಕ್ಟ್ರಮ್ ತೆರೆದೆ, 50ರಲ್ಲಿ ದಪ್ಪ ಗುಡ್ಡ. ವೇಗ ಸರಿ ಇದೆ ಅಂತ ಟಿಕ್ ಹಾಕಿ, ಹಮ್ ತೆಗೆದು, ಮುಂದಿನ ಸೈಡಿಗೆ ಹೋದೆ. ದಿನಕ್ಕೆ ಎಷ್ಟು ಸೈಡ್ ಆಯಿತು ಅನ್ನುವುದಷ್ಟೇ ಮೇಲಿನವರ ಶೀಟಿನಲ್ಲಿರುವ ಕಾಲಂ.

ಸಿಕ್ಕಿಬಿದ್ದಿದ್ದು ನಮ್ಮಲ್ಲೇ ಅರ್ಧ ದಿನ ಕೆಲಸ ಮಾಡುವ ಬೇಸ್ ವಾದಕನಿಂದ. ‘ಸ್ಕ್ರ್ಯಾಪಲ್ ಫ್ರಮ್ ದಿ ಆಪಲ್’ ಕೇಳುತ್ತಾ ಕೂತವನು ಹೆಡ್‌ಫೋನ್ ಅರ್ಧ ಸರಿಸಿ, “ಇದನ್ನ ಎಫ್ ಶಾರ್ಪ್‌ನಲ್ಲಿ ಯಾರು ನುಡಿಸ್ತಾರೆ?” ಅಂದ. ಅದು ಎಫ್‌ನ, ಅಂದರೆ ಬಿಳಿ ನಾಲ್ಕರ ಹಾಡು; ಎಫ್ ಶಾರ್ಪ್ ಅಂದರೆ ಕಪ್ಪು ಮೂರು. ನನ್ನ ಕಿವಿ ಬೆಳೆದಿದ್ದು ಭಾಗವತರು ತಮ್ಮ ಗಂಟಲಿಗೆ ಒಪ್ಪುವ ಶ್ರುತಿ ಹಿಡಿಯುವ ಕಡೆ. ಶ್ರುತಿ ಹಾರ್ಮೋನಿಯಂನ ಒಂದು ಮನೆಯಷ್ಟು ಏರಿದರೆ ಅದು ತಪ್ಪು ಅಂತ ಹೊಳೆಯುವುದೇ ಇಲ್ಲ. ಪಾರ್ಕರ್ ನುಡಿಸುವ ವೇಗದ ಜಾಝ್ ಆದ ಬೀಬಾಪ್‌ನಲ್ಲಿ ರಾಗದ ಜೊತೆ ಮನೆಯೂ ಬೆರಳಲ್ಲಿ ಕೂತಿರುತ್ತದೆ. ಇನ್ನು ಲಯ: ನಿಮಿಷಕ್ಕೆ 240 ಏಟು ಹೋಗಬೇಕಿದ್ದು 250 ಹೋದರೆ, ಮೊದಲೇ ಓಡುವ ಸಂಗೀತದಲ್ಲಿ ಯಾರಿಗೆ ಗೊತ್ತಾಗುತ್ತದೆ?

ಆಗ ಮಾಡಬೇಕಾದ್ದನ್ನು ಮಾಡಿದೆ. ಡಿಸ್ಕ್ ತಿರುಗುತ್ತಿರುವಾಗಲೇ ಮುಳ್ಳು ಎತ್ತಿ ರೆಕಾರ್ಡ್ ಒತ್ತಿದೆ. 50ರ ಗುಡ್ಡ ಹಾಗೇ ಇತ್ತು. ಅದು ಪ್ಯಾರಿಸ್ಸಿನದಲ್ಲ, ನಮ್ಮದು. ಮುಳ್ಳು ಹಿಡಿದ ತೋಳಿನ, ಟೋನ್‌ಆರ್ಮ್‌ನ ಅರ್ತ್ ವೈರು ಸಡಿಲ. ಯುರೋಪಿನಲ್ಲಿ ಕೂತು ಯುರೋಪಿನ ಡಿಸ್ಕ್ ಹಾಕಿದರೆ ಇದೇ ತೊಂದರೆ: ಎರಡು ಕಡೆಯೂ 50, ಕಳ್ಳನಿಗೂ ಪೊಲೀಸನಿಗೂ ಒಂದೇ ಅಂಗಿ. ಅಮೆರಿಕದ ಡಿಸ್ಕ್ ಆಗಿದ್ದರೆ ಅದರ 60 ಪಕ್ಕದಲ್ಲಿ ಬೇರೆಯಾಗಿ ನಿಂತು ಕಣ್ಣಿಗೆ ಹೊಡೆಯುತ್ತಿತ್ತು.

ಹಾಗಾದರೆ ನಿಜವಾದ ಹಮ್ ಎಲ್ಲಿ? ನಮ್ಮ ಸಾಫ್ಟ್‌ವೇರ್ ತೆರೆದ ಕೂಡಲೇ ತೋರಿಸುವ ವಿಂಡೋ, ಅಂದರೆ ಒಂದು ಸಲಕ್ಕೆ ಅಳೆಯುವ ಸದ್ದಿನ ತುಂಡು, 4096 ಸ್ಯಾಂಪಲ್. 96 ಸಾವಿರವನ್ನು ಅದರಿಂದ ಭಾಗಿಸಿದರೆ ಸ್ಪೆಕ್ಟ್ರಮ್ಮಿನ ಒಂದೊಂದು ಪಟ್ಟಿಗೂ 23 ಹರ್ಟ್ಜ್ ಅಗಲ. ಅಷ್ಟು ಮಂದ ಕನ್ನಡಕದಲ್ಲಿ ಎರಡು ಗುಡ್ಡ ಒಂದೇ ಕಾಣುತ್ತವೆ. 262144ಕ್ಕೆ ಏರಿಸಿದರೆ 0.37 ಹರ್ಟ್ಜ್. ಆಗ 50.0ರ ಪಕ್ಕದಲ್ಲಿ 52.1ರಲ್ಲಿ ಸಣ್ಣ ಗೂಟ. ಇನ್ನೂ ಸಂಶಯ ಇದ್ದರೆ ಮೂರನೇ ಹಾರ್ಮೋನಿಕ್ (ಹಮ್‌ನ ಮೂರುಪಟ್ಟು ಹರ್ಟ್ಜ್) ನೋಡಬೇಕು, ಅಲ್ಲಿ ಅಂತರವೂ ಮೂರುಪಟ್ಟು: 150 ಮತ್ತು 156.3. ಅಂದರೆ ಶೇ. 4.2 ಜಾಸ್ತಿ, 71 ಸೆಂಟ್ (ಹಾರ್ಮೋನಿಯಂನ ಒಂದು ಮನೆಯಿಂದ ಪಕ್ಕದ ಮನೆಗೆ 100 ಸೆಂಟ್). ಕೊರೆದಾಗ ಡಿಸ್ಕ್ ತಿರುಗಿದ್ದು 74.8ರಲ್ಲಿ.

ಯುದ್ಧ ಮುಗಿದು ನಾಲ್ಕು ವರ್ಷವಾದ ಊರಿನ ಕರೆಂಟು 50ಕ್ಕೇ ಅಂಟಿಕೊಂಡಿತ್ತು ಅಂತ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ವೇಗ ಇಳಿಸಿದ ಮೇಲೆ ಆಲ್ ಹೇಗ್‌ನ ಪಿಯಾನೋದ ಉದ್ದ ಸ್ವರಗಳನ್ನು ‘ಎ’ ಸ್ವರ 440 ಹರ್ಟ್ಜ್ ಅನ್ನುವ ಅಳತೆಗೆ ಹಿಡಿದು ನೋಡಿದೆವು, ಒಪ್ಪಿತು. ಸ್ಯಾಕ್ಸೋಫೋನ್ ಇದಕ್ಕೆ ಸಾಕ್ಷಿಯಾಗದು, ತುಟಿಯಲ್ಲೇ ಸ್ವರ ಬಗ್ಗಿಸುತ್ತಾರೆ. ಎರಡು ಡಿಸ್ಕಿನ ನಡುವೆ ಒಂದೇ ಭಾಗ ಎರಡರಲ್ಲೂ ಕೊರೆದಿರುವ ಜಾಗವಿದ್ದರೆ, ಅಲ್ಲಿ ಹಿಂದಿನದರ ಬಾಲಕ್ಕೂ ಮುಂದಿನದರ ತಲೆಗೂ ಶ್ರುತಿ ಕೂಡಬೇಕು. ಡಿಸ್ಕ್ ಇನ್ನೊಂದು ಡಿಸ್ಕಿನ ನಕಲಾಗಿದ್ದರೆ ಹಮ್ ಹೇಳುವುದು ನಕಲಿನ ವೇಗ ಮಾತ್ರ. ಆಗ ಪಿಯಾನೋ ಒಂದೇ ಗತಿ.

ಫ್ಲ್ಯಾಟ್ ಫೈಲ್ ಮುಟ್ಟದೆ ಇಟ್ಟಿದ್ದರಿಂದ ಬಚಾವಾದೆ. ಹಮ್ ತೆಗೆದ ಫೈಲಿನಲ್ಲಿ 50ರ ಜೊತೆ 52.1ನ್ನೂ ನಾನೇ ಒರೆಸಿಬಿಟ್ಟಿದ್ದೆ. ಮತ್ತೆ ಮುಳ್ಳು ಹಾಕೋಣ ಅಂದರೆ ಮೂರನೇ ಡಿಸ್ಕಿನ ಅಂಚು ಆಗಲೇ ಎದ್ದಿತ್ತು.

ಈಗ ಪ್ರತಿ ಫೈಲೂ ಮೂವತ್ತು ಸೆಕೆಂಡ್ ಮುಳ್ಳೆತ್ತಿದ ಸದ್ದಿನಿಂದ ಶುರುವಾಗುತ್ತದೆ. ಆ ಖಾಲಿ ಜಾಗ ಕತ್ತರಿಸಿ ಕಳಿಸಿ ಅಂತ ಮೇಲಿನಿಂದ ಎರಡು ಸಲ ಮೇಲ್ ಬಂದಿದೆ. ಕತ್ತರಿಸಿಲ್ಲ.