ಮೂರು ಕೌದಿ, ಒಂದು ಸೂಜಿ

ಇವತ್ತು ಕೌದಿ, ಅದೇ ಹಳೇ ಬಟ್ಟೆ ಜೋಡಿಸಿ ಹೊಲಿಯುವ ಹೊದಿಕೆ, ಒಂದು ಗೇಣು ಮುಂದೆ ಹೋಯಿತು. ಅದೂ ಹಸಿರುದು ಮಾತ್ರ. ಅಪ್ಪನ ಲುಂಗಿಗಳದ್ದು ಅರ್ಧ ಹೊಲಿದು ಬೀರು ಮೇಲೆ ಕೂತಿದೆ. ಅಕ್ಕನ ಮಗುವಿಗೆ ಅಂತ ಶುರು ಮಾಡಿದ್ದು ಇನ್ನೂ ಬರೀ ತುಂಡುಗಳು. ಮಗು ಈಗ ಸ್ಕೂಲಿಗೆ ಹೋಗುತ್ತಿದೆ, ಆ ವಿಷಯ ಬಿಡಿ.

ಮಧ್ಯಾಹ್ನ ಅಮ್ಮನ ಹಳೇ ಕಾಟನ್ ಸೀರೆ ಬಿಡಿಸಿ ಹಾಸಿದೆ. ಸೆರಗಿನಲ್ಲಿ, ಭುಜದ ಮೇಲೆ ಬರುವ ಜಾಗದಲ್ಲಿ, ಪಿನ್ನಿನ ತೂತುಗಳು. ಒಂದರ ಪಕ್ಕ ಒಂದು, ರಾಗಿ ಚೆಲ್ಲಿದ ಹಾಗೆ. ಸೊಂಟಕ್ಕೆ ಸಿಕ್ಕಿಸುವ ಒಳಸುತ್ತು ಮಾತ್ರ ಬಿಸಿಲು ಕಾಣದ್ದಕ್ಕೋ ಏನೋ, ಇನ್ನೂ ಕಡು ಹಸಿರು. ಗಟ್ಟಿ ಭಾಗ ಮೇಲಕ್ಕೆ, ಸವೆದದ್ದು ಒಳಗೆ. ಲೆಕ್ಕ ಅದೇ. ಆದರೂ ಆ ತೂತಿನ ತುಂಡನ್ನೇ ಮೇಲೆ ಇಟ್ಟೆ. ಕಾಣಲಿ ಬಿಡಿ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಸಮುದಾಯದ ಹೆಂಗಸರು ಕೌದಿಯನ್ನು ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೂಲೆಗೆ ಬಟ್ಟೆ ಮಡಚಿ ಹೂವು ಕೂರಿಸುತ್ತಾರೆ. ನಾನೂ ಹಾಗೇ ಹೊಲಿಯುತ್ತಿದ್ದೇನೆ. ನಡು ಇನ್ನೂ ದೂರ ಇದೆ.

ಪಕ್ಕದ ಮನೆ ಆಂಟಿ ಇಣುಕಿ, "ಇಷ್ಟೊಂದು ಕಷ್ಟ ಯಾಕಮ್ಮಾ, ಒಂದು ರಗ್ಗು ತಗೊಂಡ್ರೆ ಆಗಲ್ವಾ?" ಅಂದರು. ಆಮೇಲೆ ಸುಮ್ನೆ ಕೂತು ಅವರೇ ಒಂದು ಸಾಲು ಹಾಕಿದರು. ನನ್ನದಕ್ಕಿಂತ ನೆಟ್ಟಗಿದೆ. ಹೊಟ್ಟೆಕಿಚ್ಚು!

ಒಂದು ಮುಗಿಸಿ ಇನ್ನೊಂದು ಹಿಡಿ ಅಂತಾರೆ ಎಲ್ಲರೂ. ಒಂದರಲ್ಲಿ ಬೇಜಾರಾದರೆ ಇನ್ನೊಂದು ಇರುತ್ತಲ್ಲ, ಮಜಾ ಅದೇ ಅಲ್ವಾ?

ಹಳದಿ ದಾರ ಖಾಲಿ. ತುಮಕೂರಿನವರು ಯಾರಾದರೂ ಚಿಕ್ಕಪೇಟೆ ಕಡೆ ಹೋಗುವವರಿದ್ದರೆ ಹೇಳಿ. ದಪ್ಪ ದಾರ ಬೇಕು, ಮಷಿನ್ ದಾರ ಅಲ್ಲ.