ಬದು ಸರಿಸಿದೆ, ಎಸ್2ಗೆ ಜಾಗ ಸಿಕ್ಕಿತು

ಆಯ್ತು! ನಿನ್ನೆ ರಾತ್ರಿ ಹನ್ನೊಂದೂಕಾಲಿಗೆ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್2 ಫೋನಿನ ಡೇಟಾ ಪಾರ್ಟಿಷನ್ (ಸ್ಟೋರೇಜಿನಲ್ಲಿ ಆ್ಯಪುಗಳಿಗೆಂದು ಬಿಟ್ಟ ಭಾಗ) 2 ಜಿಬಿ ಇದ್ದದ್ದು 6 ಜಿಬಿ ಆಯ್ತು. ಒಳಗಿದ್ದ ಆ್ಯಪು, ಮೆಸೇಜು, ಸೆಟ್ಟಿಂಗು ಒಂದೂ ಹೋಗಲಿಲ್ಲ. ಮೂರು ವಾರದಿಂದ ಇದರ ಹಿಂದೆ ಬಿದ್ದಿದ್ದೆ. ಬೆಳಿಗ್ಗೆ ಎದ್ದ ಕೂಡಲೇ ಮತ್ತೆ ಸ್ಟೋರೇಜ್ ಪುಟ ತೆಗೆದು ನೋಡಿದೆ. ಹೌದು, 6 ಜಿಬಿನೇ.

ಇದಕ್ಕೆ ಕಂಪನಿಯ ಆಂಡ್ರಾಯ್ಡ್ ಬದಲು ಲಿನಿಯೇಜ್‌ಒಎಸ್ 14.1 ಎಂಬ ಬೇರೆ ಆಂಡ್ರಾಯ್ಡ್ ಹಾಕಿದ ಕಥೆ ಹಿಂದೆಯೇ ಬರೆದಿದ್ದೆ. ಬೂಟ್‌ಲೋಡರು, ಹೈಮ್ಡಾಲು, ಟಿಡಬ್ಲ್ಯೂಆರ್‌ಪಿ (ಆಂಡ್ರಾಯ್ಡ್ ಶುರುವಾಗದೆಯೇ ಫೋನಿನ ರಿಪೇರಿ ಮಾಡುವ ರಿಕವರಿ) ಎಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬಿಡುತ್ತೇನೆ. ಈ ಸಲ ಬರೀ ಜಾಗದ ವಿಷಯ.

ಫೋನ್ ಅಣ್ಣನದು. 2011ರಲ್ಲಿ ತಗೊಂಡಿದ್ದ. ಈಗ ಅಮ್ಮನ ಹತ್ತಿರ ಇದೆ. 4ಜಿ ಇಲ್ಲ, ಆದರೆ ಮನೆಯಲ್ಲಿ ವೈಫೈ ಇದೆ, ಅಮ್ಮನಿಗೆ ಅಷ್ಟು ಸಾಕು. ಪರದೆ ಇವತ್ತಿಗೂ ಎಷ್ಟು ಚೆಂದ ಇದೆ ಅಂದರೆ ಇದನ್ನು ಮೂಲೆಗೆ ಹಾಕಲು ನನಗೆ ಮನಸ್ಸು ಬರುವುದಿಲ್ಲ. ಆದರೆ ವಾರಕ್ಕೊಂದು ಸಲ ಅಮ್ಮನ ಕೂಗು ತಪ್ಪಿದ್ದಲ್ಲ. "ಏನೋ ಇದು, ಮತ್ತೆ ಜಾಗ ಇಲ್ಲ ಅಂತಿದೆ ನೋಡು."

ಮೊದಲು ಮಾಡಿದ್ದು ಎಲ್ಲರೂ ಮಾಡುವುದೇ. ಎಡಿಬಿಯಿಂದ (ಲ್ಯಾಪ್‌ಟಾಪಿನಿಂದ ಫೋನಿಗೆ ಆಜ್ಞೆ ಕೊಡುವ ಸಾಧನ) ಎಲ್ಲ ಆ್ಯಪಿನ ಕ್ಯಾಶ್, ಅಂದರೆ ತಾತ್ಕಾಲಿಕ ಫೈಲುಗಳನ್ನು, ಒಟ್ಟಿಗೆ ಖಾಲಿ ಮಾಡಿದೆ. ಇನ್ನೂರು ಎಂಬಿ ಸಿಕ್ಕಿತು, ಎರಡು ದಿನದಲ್ಲಿ ಮತ್ತೆ ತುಂಬಿತು. ಆ್ಯಪುಗಳನ್ನು ಓಡಿಸಲು ಸಿದ್ಧಮಾಡಿಟ್ಟ ಡಾಲ್ವಿಕ್ ಕ್ಯಾಶ್ ಒರೆಸಿದೆ. ಬೂಟ್ ಆಗುವಾಗ ಆ್ಯಪ್‌ಗಳನ್ನೆಲ್ಲ ಮತ್ತೆ ಸಿದ್ಧಮಾಡುತ್ತಾ ಕಾಲು ಗಂಟೆ ತಿಂದಿತು, ಜಾಗ ಮೊದಲಿನಷ್ಟೇ ಹೋಯ್ತು. ಮೆಮೊರಿ ಕಾರ್ಡನ್ನೇ ಫೋನಿನ ಒಳಜಾಗವಾಗಿ ಸೇರಿಸಿಕೊಳ್ಳುವ ದಾರಿಯೂ ಇದೆ, ಆಂಡ್ರಾಯ್ಡ್ 6ರಿಂದ ಬಂದದ್ದು. ಆದರೆ ಹಾಗೆ ಸೇರಿಸಿದರೆ ಕಾರ್ಡು ಎನ್‌ಕ್ರಿಪ್ಟ್ ಆಗುತ್ತದೆ, ಅದರ ಬೀಗದ ಕೈ ಫೋನಿನ ಡೇಟಾದಲ್ಲಿ ಉಳಿಯುತ್ತದೆ. ಡೇಟಾ ಒರೆಸಿಹೋದರೆ ಕಾರ್ಡಿನಲ್ಲಿದ್ದದ್ದೂ ಹೋದಂತೆ. ಅಮ್ಮನ ಫೋಟೋಗಳ ವಿಷಯದಲ್ಲಿ ನಾನು ಅಷ್ಟು ಧೈರ್ಯ ಮಾಡಲಾರೆ.

ಆಮೇಲೆ ಜಾಗದ ಲೆಕ್ಕ ತೋರಿಸುವ ಡಿಎಫ್ ಆಜ್ಞೆ ಹಾಕಿ ಸುಮ್ನೆ ಅಂಕಿಗಳನ್ನು ನೋಡುತ್ತಾ ಕೂತೆ. 16 ಜಿಬಿ ಫೋನು. ಸಿಸ್ಟಮ್‌ಗೆ 512 ಎಂಬಿ. ಡೇಟಾಗೆ 2 ಜಿಬಿ. ಎಸ್‌ಡಿಕಾರ್ಡ್ ಎಂದು ಕರೆಯುವ ಒಳಗಿನ ಪಾರ್ಟಿಷನ್‌ಗೆ ಸುಮಾರು ಹನ್ನೊಂದೂವರೆ ಜಿಬಿ. ಕೊನೆಗೆ ಪ್ರಿಲೋಡ್ ಅಂತ ಇನ್ನೊಂದು 512 ಎಂಬಿ, ಅದು ಲಿನಿಯೇಜ್‌ಗೆ ಬೇಕಾಗೇ ಇಲ್ಲ. ಆ್ಯಪು ಬಂದು ಕೂರುವುದೆಲ್ಲ ಆ 2 ಜಿಬಿಯಲ್ಲಿ. ಪಕ್ಕದ ಹನ್ನೊಂದೂವರೆಯಲ್ಲಿ ಒಂಬತ್ತು ಜಿಬಿ ಖಾಲಿ. ಜಾಗ ಇಲ್ಲದ ಫೋನಲ್ಲ ಇದು. ಬದು ತಪ್ಪು ಕಡೆ ಬಿದ್ದಿರುವ ಹೊಲ.

2011ರಲ್ಲಿ ಹಾಗೆ ಹಾಕಿದ್ದಕ್ಕೆ ಕಾರಣ ಇತ್ತು. ಫೋನನ್ನು ಕಂಪ್ಯೂಟರಿಗೆ ಪೆನ್‌ಡ್ರೈವ್ ಥರ ಕೊಡುತ್ತಿದ್ದ ಕಾಲ ಅದು. ಪಾರ್ಟಿಷನ್ ಪಟ್ಟಿಯಲ್ಲಿ ಆ ಹನ್ನೊಂದೂವರೆ ಜಿಬಿಯ ಹೆಸರೇ ಯುಎಂಎಸ್, ಅಂದರೆ ಯುಎಸ್‌ಬಿ ಮಾಸ್ ಸ್ಟೋರೇಜ್. ಕಂಪ್ಯೂಟರ್ ಒಂದು ಪಾರ್ಟಿಷನ್ನನ್ನು ಪೂರ್ತಿಯಾಗಿ ತನ್ನ ಕೈಗೆ ತಗೊಳ್ಳುತ್ತಿತ್ತು, ಆ ಹೊತ್ತಲ್ಲಿ ಫೋನ್ ಅದನ್ನು ಮುಟ್ಟುವ ಹಾಗಿರಲಿಲ್ಲ. ಹಾಗಾಗಿ ಆ್ಯಪಿನ ಜಾಗ ಬೇರೆ, ಹಾಡು ಫೋಟೋ ಜಾಗ ಬೇರೆ. ಅವತ್ತಿನ ಆ್ಯಪುಗಳಿಗೆ 2 ಜಿಬಿ ಧಾರಾಳವಾಗಿತ್ತು. ಇವತ್ತು ಜೊತೆಗೆ ಇನ್ನೊಂದು ತೊಂದರೆ. 512 ಎಂಬಿ ಸಿಸ್ಟಮ್‌ನಲ್ಲಿ 14.1 ಕೂತ ಮೇಲೆ ಓಪನ್ ಜಿಆ್ಯಪ್ಸ್‌ಗೆ, ಅಂದರೆ ಪ್ಲೇ ಸ್ಟೋರ್ ಮುಂತಾದ ಗೂಗಲ್ ಆ್ಯಪುಗಳ ಕಟ್ಟಿಗೆ, ಜಾಗವೇ ಇರುವುದಿಲ್ಲ. ಜಾಗ ಸಾಲದು ಎನ್ನುವ ಎರರ್ 70 ಕಂಡವರಿಗೆ ಆ ಸಂಕಟ ಗೊತ್ತು.

ಮುಂಚೆ ಇದಕ್ಕೆ ಬೇರೆ ಪಿಐಟಿ ಫೈಲ್ (ಪಾರ್ಟಿಷನ್ ಪಟ್ಟಿ) ಹುಡುಕಿ ಓಡಿನ್ ಎಂಬ ಕಂಪ್ಯೂಟರ್ ಪ್ರೋಗ್ರಾಮಿನಿಂದ ಹಾಕುತ್ತಿದ್ದರು. ಅದರಲ್ಲಿ ಒಳಗಿದ್ದದ್ದೆಲ್ಲ ಹೋಗುತ್ತದೆ. ನಾನು ಬಳಸಿದ್ದು ರೆಪಿಟ್, ಪಾರ್ಟಿಷನ್ ಗಾತ್ರ ಬದಲಿಸುವ ಸಾಧನ. ಲ್ಯಾಂಚನ್ ಎಂಬ ಹೆಸರಿನ ಡೆವಲಪರ್ ಬರೆದದ್ದು. ಈ ಫೋನಿಗೆ ಪ್ರತ್ಯೇಕ ರಿಕವರಿ ಬರುವ ಹಾಗೆ ಮಾಡಿದ ಐಸೋರೆಕ್ ಕೂಡ ಅವರದೇ. ರೆಪಿಟ್‌ನಲ್ಲಿ ನನಗೆ ತುಂಬ ಇಷ್ಟವಾದದ್ದು ಏನೆಂದರೆ ಸೆಟ್ಟಿಂಗ್ ಬರೆಯುವುದು ಜಿಪ್ ಫೈಲಿನ ಹೆಸರಿನಲ್ಲೇ. ಸಿಸ್ಟಮ್ ಎಷ್ಟು, ಡೇಟಾ ಎಷ್ಟು, ಯಾವುದನ್ನು ಒರೆಸಬೇಕು, ಉಳಿದದ್ದು ಯಾರಿಗೆ, ಎಲ್ಲವೂ ಹೆಸರಲ್ಲಿ. ಫೈಲಿಗೆ ಹೆಸರಿಟ್ಟು ಫ್ಲ್ಯಾಶ್ ಮಾಡಿದರೆ, ಅಂದರೆ ಟಿಡಬ್ಲ್ಯೂಆರ್‌ಪಿಯಿಂದ ಓಡಿಸಿದರೆ, ಅದೇ ಓದಿಕೊಂಡು ಕೆಲಸ ಮಾಡುತ್ತದೆ. ನಾನು ಬರೆದ ಲೆಕ್ಕ: ಸಿಸ್ಟಮ್ 1 ಜಿಬಿ, ಡೇಟಾ 6 ಜಿಬಿ, ಪ್ರಿಲೋಡ್ ಎಷ್ಟು ಚಿಕ್ಕದಾಗುತ್ತೋ ಅಷ್ಟು, ಮಿಕ್ಕಿದ್ದು ಎಸ್‌ಡಿಕಾರ್ಡ್‌ಗೆ. ಎಸ್‌ಡಿಕಾರ್ಡ್ ಒರೆಸು ಎಂದೂ ಬರೆದೆ, ಫೋಟೋ ಎಲ್ಲ ಹೇಗೂ ಲ್ಯಾಪ್‌ಟಾಪಿಗೆ ತೆಗೆದಿಟ್ಟಿದ್ದೆ.

ಇಲ್ಲಿ ಅಕ್ಕಪಕ್ಕದ ಲೆಕ್ಕ ಮುಖ್ಯ. ಸಿಸ್ಟಮ್, ಅದರ ಬಲಕ್ಕೆ ಡೇಟಾ, ಅದರ ಬಲಕ್ಕೆ ಎಸ್‌ಡಿಕಾರ್ಡ್, ಕೊನೆಗೆ ಪ್ರಿಲೋಡ್. ಸಿಸ್ಟಮ್ ದೊಡ್ಡದಾಗಬೇಕಾದರೆ ಡೇಟಾ ಇಡಿಯಾಗಿ 512 ಎಂಬಿ ಬಲಕ್ಕೆ ಸರಿಯಬೇಕು. ಬರೀ ಗಡಿ ಬದಲಿಸಿದರೆ ಆಗಲ್ಲ, ಒಳಗಿನ ಒಂದೊಂದು ಬ್ಲಾಕೂ ಎದ್ದು ಹೊಸ ಜಾಗಕ್ಕೆ ಹೋಗಬೇಕು. ಅರ್ಧದಲ್ಲಿ ಕರೆಂಟ್ ನಿಂತರೆ ಕಥೆ ಮುಗಿಯಿತು.

ಹಾಗಾಗಿ ಬ್ಯಾಟರಿ. ಅಯ್ಯೋ ಈ ಬ್ಯಾಟರಿ! ಹಳೆಯದು 40 ಪರ್ಸೆಂಟ್ ತೋರಿಸುತ್ತಲೇ ಸತ್ತುಹೋಗುತ್ತಿತ್ತು. ಆನ್‌ಲೈನಲ್ಲಿ ಒಂದು ತರಿಸಿದೆ. ಮೇಲೆ 1650 ಎಂಎಎಚ್ ಎಂದು ಹೊಳೆಯುವ ಅಕ್ಷರದಲ್ಲಿ ಬರೆದಿದೆ, ಒರಿಜಿನಲ್ ಎಂದೂ ಬರೆದಿದೆ. ಕೈಯಲ್ಲಿ ಹಿಡಿದರೇ ಹಗುರ. ಅಡುಗೆಮನೆಯ ತಕ್ಕಡಿಯಲ್ಲಿ ಎರಡನ್ನೂ ತೂಗಿದೆ, ಹಳೆಯದಕ್ಕಿಂತ ಎಂಟು ಗ್ರಾಂ ಕಮ್ಮಿ. ಒಂದು ಗಂಟೆ ಕೂಡ ಬರಲಿಲ್ಲ. ವಾಪಸ್ ಕೊಡುತ್ತೇನೆ ಅಂದರೆ ಬ್ಯಾಟರಿಗೆ ವಾಪಸಾತಿ ಇಲ್ಲ ಅಂತ ಉತ್ತರ. ಊರಿನ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಎರಡನೆಯದು ಸಿಕ್ಕಿತು, ಅದು ಎರಡೇ ದಿನಕ್ಕೆ ಊದಿಕೊಂಡಿತು. ಹಳೆಯ ಫೋನು ಇಟ್ಟುಕೊಂಡವರಿಗೆ ಹೀಗೆ ಏನು ಬೇಕಾದರೂ ತಲೆಗೆ ಕಟ್ಟಬಹುದು ಅಂದುಕೊಂಡಿದ್ದಾರೆ. ಇದು ನನಗೆ ನಿಜಕ್ಕೂ ಸಿಟ್ಟು ಬರಿಸುತ್ತದೆ. ಕೊನೆಗೆ ಪರಿಚಯದ ರಿಪೇರಿಯವರು ತಮ್ಮ ಹತ್ತಿರ ಇದ್ದ, ಬಿಚ್ಚಿಟ್ಟ ಫೋನಿನ ಬ್ಯಾಟರಿ ಕೊಟ್ಟರು. ದುಡ್ಡು ತಗೊಳ್ಳಲಿಲ್ಲ. ಅದೇ ಇವತ್ತು ಒಳಗಿರುವುದು.

ಇನ್ನು ಮೂರು ವಾರ ತಿಂದ ತೊಂದರೆಗೆ ಬರುತ್ತೇನೆ. ರೆಪಿಟ್ ಫ್ಲ್ಯಾಶ್ ಮಾಡಿದರೆ ಶುರುವಾಗುವ ಮುಂಚೆಯೇ ನಿಲ್ಲುತ್ತಿತ್ತು. ಪಾರ್ಟಿಷನ್ ಅನ್‌ಮೌಂಟ್ ಆಗುತ್ತಿಲ್ಲ (ಫೋನ್ ಅದನ್ನು ಕೈಬಿಡುತ್ತಿಲ್ಲ), ಯಾರೋ ಬಳಸುತ್ತಿದ್ದಾರೆ ಎಂಬ ದೂರು. ಹಾಗೆ ನಿಲ್ಲುವುದು ಒಳ್ಳೆಯದೇ. ಅದೇ ಚಿಪ್ಪಿನ ಒಂದೇ ಒಂದು ಪಾರ್ಟಿಷನ್ ಬಳಕೆಯಲ್ಲಿದ್ದರೂ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಹೊಸ ಪಾರ್ಟಿಷನ್ ಪಟ್ಟಿಯನ್ನು ಓದುವುದಿಲ್ಲ. ಹಳೆಯ ಪಟ್ಟಿ ತಲೆಯಲ್ಲಿಟ್ಟುಕೊಂಡೇ ಹೊಸ ಜಾಗದಲ್ಲಿ ಬರೆದರೆ ಎಲ್ಲ ಕಲಸಿಹೋಗುತ್ತದೆ.

ಮೊದಲ ಗುಮಾನಿ ಜಿಪ್ ಫೈಲಿನ ಮೇಲೆ. ಅದು ಕೂತದ್ದೇ ಎಸ್‌ಡಿಕಾರ್ಡಿನಲ್ಲಿ. ಕೂತ ಕೊಂಬೆಯನ್ನು ಕಡಿಯಲು ಹೇಗಾಗುತ್ತದೆ? ಫೈಲನ್ನು ಟೆಂಪ್ ಫೋಲ್ಡರಿಗೆ ತಳ್ಳಿದೆ, ಅದು ರ್‍ಯಾಮ್‌ನಲ್ಲಿ ಇರುವಂಥದ್ದು. ರೀಬೂಟ್ ಮಾಡಿದರೆ ಹೋಗುತ್ತದೆ, ಪ್ರತಿ ಸಲ ಹೊಸದಾಗಿ ತಳ್ಳಬೇಕು. ಆದರೂ ಅದೇ ದೂರು.

ಎರಡನೆಯ ಗುಮಾನಿ ಎಂಟಿಪಿ, ಅಂದರೆ ಯುಎಸ್‌ಬಿಯಲ್ಲಿ ಫೈಲ್ ಹಂಚುವ ವ್ಯವಸ್ಥೆಯ ಮೇಲೆ. ಟಿಡಬ್ಲ್ಯೂಆರ್‌ಪಿ ಲ್ಯಾಪ್‌ಟಾಪಿಗೆ ಫೋಟೋ ತೋರಿಸಲು ಎಸ್‌ಡಿಕಾರ್ಡನ್ನು ಹಿಡಿದುಕೊಂಡಿರುತ್ತದೆ. ಮೌಂಟ್ ಪುಟಕ್ಕೆ ಹೋಗಿ ಎಂಟಿಪಿ ನಿಲ್ಲಿಸಿದೆ. ಒಂದೊಂದೇ ಗುರುತು ತೆಗೆದೆ. ಡೇಟಾ ಹೋಯ್ತು, ಸಿಸ್ಟಮ್ ಹೋಯ್ತು, ಕ್ಯಾಶ್ ಹೋಯ್ತು. ಎಸ್‌ಡಿಕಾರ್ಡ್ ಮಾತ್ರ ಒತ್ತಿದಷ್ಟೂ ಸಲ ಗುರುತು ವಾಪಸ್ ಬರುತ್ತಿತ್ತು. ಹೊರಗಿನ ಮೆಮೊರಿ ಕಾರ್ಡ್ ತೆಗೆದೆ, ಸಿಮ್ ತೆಗೆದೆ. ಟಿಡಬ್ಲ್ಯೂಆರ್‌ಪಿಯ ಇನ್ನೊಂದು ಆವೃತ್ತಿ ಹಾಕಿದೆ. ಕೇಬಲ್ ಬದಲಿಸಿದೆ. ಆ ಕೇಬಲ್ ಬರೀ ಚಾರ್ಜಿಗೆ, ಒಳಗೆ ಡೇಟಾ ತಂತಿಯೇ ಇಲ್ಲ ಎಂದು ಗೊತ್ತಾಗಲು ಒಂದು ಸಂಜೆ ಹೋಯ್ತು.

ನಿನ್ನೆ ಕೊನೆಗೆ ಊಹೆ ಬಿಟ್ಟು ಕೇಳಿಯೇಬಿಡೋಣ ಅಂದುಕೊಂಡೆ. ಯಾವ ಪ್ರೋಸೆಸ್ ಬಳಸುತ್ತಿದೆ ಎಂದು ಹೇಳುವ, ಬಿಜಿಬಾಕ್ಸ್‌ನ ಫ್ಯೂಸರ್ ಆಜ್ಞೆಗೆ ಎಸ್‌ಡಿಕಾರ್ಡಿನ ಮೌಂಟ್ ಕೊಟ್ಟೆ. ಒಂದೇ ಒಂದು ನಂಬರ್ ಬಂತು. ಅದು ಯಾವ ಪ್ರೋಸೆಸ್ ಎಂದು ಪಟ್ಟಿಯಲ್ಲಿ ಹುಡುಕಿದೆ. ಎಸ್‌ಎಚ್. ಬರೀ ಒಂದು ಶೆಲ್, ಟೈಪ್ ಮಾಡಿದ ಆಜ್ಞೆ ಓದುವ ಪ್ರೋಗ್ರಾಮು. ಟಿಡಬ್ಲ್ಯೂಆರ್‌ಪಿ ಯಾಕೆ ಶೆಲ್ ತೆರೆದಿಟ್ಟಿದೆ ಎಂದು ಒಂದು ನಿಮಿಷ ಯೋಚಿಸಿದೆ. ಆಮೇಲೆ ಲ್ಯಾಪ್‌ಟಾಪಿನ ಪರದೆ ಪೂರ್ತಿ ನೋಡಿದೆ. ಹಿಂದೆ ಅರ್ಧ ಮರೆಯಾಗಿ ಇನ್ನೊಂದು ಟರ್ಮಿನಲ್. ಅದರಲ್ಲಿ ಎಡಿಬಿ ಶೆಲ್, ಕ್ಯಾಮೆರಾ ಫೋಲ್ಡರಿನ ಒಳಗೆ ನಿಂತಿದೆ, ಕರ್ಸರ್ ಮಿಣುಕುತ್ತಿದೆ.

ಪ್ರತಿ ಸಲವೂ ಶುರು ಮಾಡುವ ಮುಂಚೆ ಅಮ್ಮನ ಫೋಟೋ ಎಲ್ಲ ಲ್ಯಾಪ್‌ಟಾಪಿಗೆ ಬಂದಿವೆಯಾ ಎಂದು ಎಣಿಸುತ್ತಿದ್ದೆ. ಅದಕ್ಕೇ ಆ ಟರ್ಮಿನಲ್. ಎಣಿಸಿ, ಸರಿ ಇದೆ ಎಂದು ಅದನ್ನು ಹಾಗೇ ಬಿಟ್ಟು ಈ ಕಡೆ ಬರುತ್ತಿದ್ದೆ. ಒಂದು ಶೆಲ್ ಯಾವ ಫೋಲ್ಡರಿನಲ್ಲಿ ನಿಂತಿದೆಯೋ ಆ ಪಾರ್ಟಿಷನ್ ಬಳಕೆಯಲ್ಲಿದೆ ಎಂದೇ ಕರ್ನಲ್ ಲೆಕ್ಕ. ಫೈಲ್ ಏನೂ ತೆರೆದಿರಬೇಕಾಗಿಲ್ಲ, ನಿಂತಿದ್ದರೆ ಸಾಕು. ಎಕ್ಸಿಟ್ ಎಂದು ಟೈಪ್ ಮಾಡಿದೆ. ಮೌಂಟ್ ಪುಟದಲ್ಲಿ ಎಸ್‌ಡಿಕಾರ್ಡಿನ ಗುರುತು ಒತ್ತಿದೆ. ಹೋಯ್ತು. ವಾಪಸ್ ಬರಲಿಲ್ಲ! ಕುರ್ಚಿಯಿಂದ ಎದ್ದೇ ನಿಂತೆ.

ಹತ್ತೂಮುಕ್ಕಾಲಿಗೆ ಫ್ಲ್ಯಾಶ್ ಒತ್ತಿದೆ. ಇದಕ್ಕೂ ಮುಂಚೆ ಇಎಫ್‌ಎಸ್ ಪಾರ್ಟಿಷನ್ನಿನ ಬ್ಯಾಕಪ್ ಎರಡು ಕಡೆ ಇಟ್ಟಿದ್ದೆ, ಫೋನಿನ ಗುರುತಿನ ನಂಬರ್ ಐಎಂಇಐ ಇರುವುದೇ ಅದರಲ್ಲಿ, ದಯವಿಟ್ಟು ನೀವೂ ಇಡಿ. ಸ್ಟೋರೇಜ್ ಚಿಪ್ಪಿನ ಹೆಸರನ್ನೂ ನೋಡಿಕೊಂಡಿದ್ದೆ. 2012ರಲ್ಲಿ ಆಂಡ್ರಾಯ್ಡ್ 4ರ ಕೆಲವು ಕರ್ನಲ್‌ಗಳಲ್ಲಿ ವೈಪ್ ಮಾಡಿದವರ ಫೋನು ಸತ್ತೇಹೋದದ್ದು ನೆನಪಿರಬಹುದು, ಸೂಪರ್‌ಬ್ರಿಕ್ ಎಂದು ಕರೆಯುತ್ತಿದ್ದರಲ್ಲ, ಅದು. ಅಳಿಸುವ ಆಜ್ಞೆ ಬಂದಾಗ ಕೆಲವು ಚಿಪ್ಪಿನ ಫರ್ಮ್‌ವೇರ್ ಕೆಟ್ಟುಹೋಗುತ್ತಿತ್ತು. ಕಂಪನಿಯ ಹಳೆಯ ಸ್ಟಾಕ್ ಕರ್ನಲ್ ಇಟ್ಟುಕೊಂಡು ಮಾತ್ರ ಈ ಕೆಲಸಕ್ಕೆ ಇಳಿಯಬೇಡಿ.

ಹತ್ತು ಐವತ್ತೈದಕ್ಕೆ ಹೊರಗೆ ಮಳೆ ಜೋರಾಯ್ತು, ಕರೆಂಟ್ ಹೋಯ್ತು. ಫ್ಯಾನ್ ನಿಧಾನ ಆಗುತ್ತಾ ನಿಂತಿತು. ಕತ್ತಲಲ್ಲಿ ಫೋನಿನ ಪರದೆ ಮಾತ್ರ. ಅದರಲ್ಲಿ ಡೇಟಾ ಸರಿಯುತ್ತಿದೆ ಎಂಬ ಸಾಲು. ಫೋನನ್ನು ಚಾರ್ಜರಿಗಲ್ಲ, ಲ್ಯಾಪ್‌ಟಾಪಿಗೆ ಚುಚ್ಚಿದ್ದೆ. ಲ್ಯಾಪ್‌ಟಾಪಿನ ಬ್ಯಾಟರಿಯೇ ಯುಪಿಎಸ್ ಆಯ್ತು. ಅಮ್ಮ ಮೇಣದಬತ್ತಿ ತಂದು ಪಕ್ಕದಲ್ಲಿ ಕೂತರು. "ಮುಟ್ಟಬೇಡಮ್ಮ" ಅಂದೆ. "ನಾನ್ಯಾಕೆ ಮುಟ್ಟಲಿ, ನೀನು ಉಸಿರಾಡು ಮೊದಲು" ಅಂದರು. ಹನ್ನೊಂದೂಕಾಲಿಗೆ ಮುಗಿಯಿತು ಎಂಬ ಸಾಲು ಬಂತು. ಅರ್ಧ ಗಂಟೆ.

ಆಮೇಲಿನದು ಮಾಮೂಲಿ. ಲಿನಿಯೇಜ್ ಮತ್ತೆ ಫ್ಲ್ಯಾಶ್ ಮಾಡಿ ಜಿಆ್ಯಪ್ಸ್‌ನ ಚಿಕ್ಕ ಕಟ್ಟು ಪಿಕೊ ಹಾಕಿದೆ, ಎರರ್ 70 ಬರಲಿಲ್ಲ. ಡೇಟಾದಲ್ಲಿ 110 ಎಂಬಿ ಉಳಿದಿದ್ದದ್ದು ಈಗ ಸುಮಾರು 4 ಜಿಬಿ. ಎಸ್‌ಡಿಕಾರ್ಡ್ ಏಳೂವರೆ ಜಿಬಿಗೆ ಇಳಿದಿದೆ, ಫೋಟೋ ವಾಪಸ್ ಹಾಕಿದ ಮೇಲೂ ಬೇಕಾದಷ್ಟು ಖಾಲಿ. ಅಮ್ಮ ಬೆಳಿಗ್ಗೆಯೇ ಕನ್ನಡ ಕೀಬೋರ್ಡು, ಪಂಚಾಂಗ ಎರಡೂ ಹಾಕಿಸಿಕೊಂಡರು. ಒಂದೂ ಸಲ ಜಾಗ ಇಲ್ಲ ಅನ್ನಲಿಲ್ಲ.

ಈ ಬ್ಯಾಟರಿ ತಲೆನೋವಿನಲ್ಲಿ ಇನ್ನೊಂದು ಯೋಚನೆ ಹುಟ್ಟಿದೆ. ಮನೆಯಲ್ಲಿ ಪರದೆ ಒಡೆದ ಇನ್ನೊಂದು ಎಸ್2 ಇದೆ, ಸ್ಪೀಕರ್ ಚೆನ್ನಾಗಿದೆ. ಅದಕ್ಕೆ ಬ್ಯಾಟರಿಯೇ ಬೇಡ. ಸತ್ತ ಬ್ಯಾಟರಿಯ ಸೆಲ್ ತೆಗೆದು, ತಲೆಯ ಮೇಲಿನ ಪುಟ್ಟ ಸರ್ಕ್ಯೂಟ್ ಬೋರ್ಡ್ ಮಾತ್ರ ಉಳಿಸಿಕೊಂಡು, 12 ವೋಲ್ಟ್ ಅಡಾಪ್ಟರಿನಿಂದ, ವೋಲ್ಟೇಜ್ ಇಳಿಸುವ ಬಕ್ ಕನ್ವರ್ಟರ್ ಮೂಲಕ 4 ವೋಲ್ಟ್ ಕೊಡಬೇಕು. ಅಡುಗೆಮನೆಯ ಕಿಟಕಿ ಪಕ್ಕ ಗೋಡೆಗೆ ಕೂರಿಸಿದರೆ ಅಮ್ಮ ಒಗ್ಗರಣೆ ಹಾಕುತ್ತಾ ಹಾಡು ಕೇಳಬಹುದು. ಊದಿಕೊಂಡ ಬ್ಯಾಟರಿಯನ್ನು ಮಾತ್ರ ಬಿಚ್ಚುವುದಿಲ್ಲ, ಅದು ಅಪಾಯ. ತೂಕ ಕಮ್ಮಿ ಬಂದ ಆ ಹೊಳೆಯುವ ಬ್ಯಾಟರಿಯ ಬೋರ್ಡ್ ಸಾಕು. ಅದನ್ನು ಪೂರ್ತಿ ಖಾಲಿ ಮಾಡಲು ನಿನ್ನೆಯಿಂದ ಒಂದು ಪುಟ್ಟ ಬಲ್ಬ್ ಹಚ್ಚಿಟ್ಟಿದ್ದೇನೆ. ಭಾನುವಾರ ಸೋಲ್ಡರಿಂಗ್ ಐರನ್ ಹಿಡಿಯಬೇಕು.